ಭೂಕಂಪಕ್ಕೆ ಪಾಪ ಕಾರಣ, ಯುದ್ಧಕ್ಕೆ ಗ್ರಹಚಾರ ಕಾರಣ?

ಭಾನುವಾರದ ನಿದ್ದೆ ಬಿಟ್ಟು ಹಿಂಜವಡಿ, ಖರಾಡಿ, ವಾಕಡ್ ಕಡೆಯಿಂದ ಬಂದಿದ್ದೀರಿ. ಹೈದರಾಬಾದ್, ಚೆನ್ನೈ, ಮುಂಬೈಯಿಂದ ಆನ್‌ಲೈನ್‌ನಲ್ಲಿ ಕೂತಿರೋರೂ ಇದ್ದಾರೆ. ಉಪ್ಪಿಟ್ಟು ಚೆನ್ನಾಗಿತ್ತು, ಹಾಗಾಗಿ ಯಾರಿಗಾದರೂ ತೂಕಡಿಕೆ ಬಂದರೆ ನಾನು ಬೇಜಾರು ಮಾಡ್ಕೊಳ್ಳಲ್ಲ.

ಮೊದಲೇ ಒಂದು ಮಾತು. ನಾನು ದೇವರನ್ನು ನಂಬೋನು. ವರ್ಕ್ ಫ್ರಮ್ ಹೋಮ್ ದಿನವೂ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡೇ ಲಾಗಿನ್ ಆಗೋನು. ಎಂಟೆಕ್ ಮಾಡಿದವನು ನಂಬಿಕೆಯ ಬಗ್ಗೆ ಮಾತಾಡ್ತಾನೆ ಅಂದರೆ ಒಂದೋ ಲೇವಡಿ ಮಾಡ್ತಾನೆ, ಇಲ್ಲ ವೇದದಲ್ಲೇ ಎಲ್ಲ ವಿಜ್ಞಾನ ಇದೆ ಅಂತಾನೆ ಅಂತ ಕೆಲವರು ಎಣಿಸಿರಬಹುದು. ಇವತ್ತು ಎರಡೂ ಇಲ್ಲ. ನಂಬಿಕೆ ಇರೋ ಮನೆಗಳಲ್ಲೇ ನಾನು ಕಂಡಿರೋ ಒಂದು ವಿಚಿತ್ರದ ಬಗ್ಗೆ ಮಾತಾಡಬೇಕು.

ಎಲ್ಲೋ ಭೂಕಂಪ ಆಯ್ತು, ಪ್ರವಾಹ ಬಂತು ಅಂದ ಕೂಡಲೇ ಫ್ಯಾಮಿಲಿ ಗ್ರೂಪಿನಲ್ಲಿ ಒಂದು ಮೆಸೇಜು ಬರುತ್ತೆ. "ಅಲ್ಲಿ ಪಾಪ ಹೆಚ್ಚಾಗಿತ್ತು, ಅದಕ್ಕೇ." ಅದೇ ಗ್ರೂಪಿನಲ್ಲಿ ಯುದ್ಧದ ಸುದ್ದಿ ಬಂದರೆ ಮಾತು ಬದಲಾಗುತ್ತೆ. "ಶನಿ ರಾಶಿ ಬದಲಿಸಿದ್ದಾನೆ, ಕಲಿಗಾಲ, ಆಗೋದು ಆಗಲೇಬೇಕು." ಸ್ವಲ್ಪ ಯೋಚನೆ ಮಾಡಿ. ನೆಲದ ಅಡಿಯ ಬಂಡೆಗೆ ಉದ್ದೇಶ ಇಲ್ಲ, ಅದಕ್ಕೆ ನಾವು ಉದ್ದೇಶ ಹಚ್ಚುತ್ತೇವೆ. ಕ್ಷಿಪಣಿಯ ಬಟನ್ ಒತ್ತಿದವನಿಗೆ ಹೆಸರಿದೆ, ಹುದ್ದೆಯಿದೆ, ಸಂಬಳ ಇದೆ. ಅವನ ಕೆಲಸಕ್ಕೆ ಮಾತ್ರ ವಿಧಿ ಅನ್ನುತ್ತೇವೆ. ಲೆಕ್ಕ ಪೂರ್ತಿ ತಲೆಕೆಳಗಾಗಿದೆ. ದೇವರ ಹೆಸರಿನಲ್ಲೇ ತಲೆಕೆಳಗಾಗಿದೆ ಅನ್ನೋದು ನನಗೆ ಹೆಚ್ಚು ನೋವು.

ನಾನು ಆಳಂದ ತಾಲ್ಲೂಕಿನವನು, ಕಲಬುರಗಿ ಜಿಲ್ಲೆ. ನಮ್ಮೂರಿಂದ ಗಡಿ ದಾಟಿದರೆ ಉಮರ್ಗಾ, ಅಲ್ಲಿಂದ ಮುಂದೆ ಕಿಲ್ಲಾರಿ. ಪುಣೆಯಲ್ಲಿರೋ ನಿಮಗೆ ಲಾತೂರ್ ಭೂಕಂಪ ಅಂದರೆ ಗೊತ್ತಾಗುತ್ತೆ. 1993ರ ಸೆಪ್ಟೆಂಬರ್ 30, ಬೆಳಗಿನ ಜಾವ ನಾಲ್ಕು ಗಂಟೆಗೆ ಇನ್ನೂ ಕೆಲವು ನಿಮಿಷ ಇತ್ತು. ಹಿಂದಿನ ರಾತ್ರಿ ಗಣಪತಿ ವಿಸರ್ಜನೆ. ಹತ್ತು ದಿನ ಪೂಜೆ ಮಾಡಿ, ಕುಣಿದು, ಗುಲಾಲು ಎರಚಿ, ಮುಂದಿನ ವರ್ಷ ಬೇಗ ಬಾ ಅಂತ ದೇವರನ್ನು ಕಳಿಸಿಕೊಟ್ಟು ಜನ ಆಗಷ್ಟೇ ಮಲಗಿದ್ದರು. 6.2 ತೀವ್ರತೆಯ ಕಂಪನ. ಸುಮಾರು ಹತ್ತು ಸಾವಿರ ಜನ ಸತ್ತರು.

ನನಗಾಗ ನಾಲ್ಕು ವರ್ಷ, ನೆನಪಿಲ್ಲ. ಮನೆಯಲ್ಲಿ ಕೇಳಿದ್ದು ಮಾತ್ರ ಇದೆ. ನಮ್ಮ ಕಡೆಯೂ ನೆಲ ಅದುರಿತ್ತು. ಆಮೇಲೆ ಎಷ್ಟೋ ದಿನ ಊರಿನ ಜನ ಮನೆಯೊಳಗೆ ಮಲಗದೆ ಅಂಗಳದಲ್ಲಿ, ಹೊಲದಲ್ಲಿ ಮಲಗಿದರು. ಕಟ್ಟೆ ಮೇಲೆ ಕೂತ ಹಿರಿಯರೊಬ್ಬರು, ಆ ಊರುಗಳಲ್ಲಿ ಅಧರ್ಮ ನಡೀತಿತ್ತು, ಅದಕ್ಕೇ ಗಣಪತಿ ಹೋಗ್ತಾ ಹೋಗ್ತಾ ಶಿಕ್ಷೆ ಕೊಟ್ಟ ಅಂದರಂತೆ. ನಮ್ಮ ಅಮ್ಮ, ಅಂದರೆ ನನ್ನ ಅಜ್ಜಿ, ನಾವು ಅವಳಿಗೇ ಅಮ್ಮ ಅಂತಿದ್ವಿ, ಅವಳು ಸುಮ್ಮನಿರೋ ಪೈಕಿ ಅಲ್ಲ. "ಏನ್ ಪಾಪ ಮಾಡಿದ್ರೋ ಯಪ್ಪಾ ಅವ್ರು? ಹಗಲೆಲ್ಲಾ ಹೊಲದಾಗ ದುಡದು, ರಾತ್ರಿ ದೇವ್ರನ್ನ ಕಳಿಸಿ ಬಂದು ಮಲಕೊಂಡಿದ್ರು. ತೊಟ್ಟಿಲದಾಗಿನ ಕೂಸು ಏನ್ ಅಧರ್ಮ ಮಾಡಿತ್ತು?" ಅಂದಳಂತೆ. ಆಕೆ ಶಾಲೆಗೆ ಹೋದವಳಲ್ಲ. ಸೋಮವಾರದ ಉಪವಾಸ ಕೊನೆವರೆಗೂ ಬಿಟ್ಟವಳೂ ಅಲ್ಲ.

ಈಗ ಆ ಸಾವಿನ ಕಾರಣ ನೋಡಿ. ನಮ್ಮ ಭಾಗದ ಮಾಳಿಗೆ ಮನೆ ನೋಡಿದ್ದೀರಲ್ಲ? ದಪ್ಪ ಕಲ್ಲಿನ ಗೋಡೆ, ನಡುವೆ ಬರೀ ಮಣ್ಣಿನ ಗಾರೆ. ಮೇಲೆ ಮರದ ತೊಲೆ, ತೊಲೆ ಮೇಲೆ ಮಣ್ಣಿನ ಮಾಳಿಗೆ. ಬೇಸಿಗೆಯಲ್ಲಿ ಒಳಗೆ ಎಷ್ಟು ತಂಪು ಅಂದರೆ ಎಸಿ ಬೇಡ. ಮಳೆಗಾಲದಲ್ಲಿ ಸೋರುತ್ತೆ ಅಂತ ಮೇಲೆ ಇನ್ನೊಂದು ಪದರ ಮಣ್ಣು ಹಾಕ್ತಾರೆ. ಮುಂದೆ ಮತ್ತೊಂದು ಪದರ. ಮನೆ ಚೆನ್ನಾಗಿರಲಿ ಅಂತ ಮಾಡಿದ ಆರೈಕೆಯೇ ತಲೆ ಮೇಲಿನ ಭಾರ ಆಗಿ ಬೆಳೀತಾ ಹೋಗುತ್ತೆ. ಆ ರಾತ್ರಿ ಕಲ್ಲುಗಳು ಬಿಚ್ಚಿಕೊಂಡವು, ಮಾಳಿಗೆ ಮಲಗಿದವರ ಮೇಲೆ ಕೂತಿತು. ಇಷ್ಟೇ ತೀವ್ರತೆಯ ಕಂಪನ ಗಟ್ಟಿ ಮನೆಗಳಿರೋ ದೇಶದಲ್ಲಿ ಆಗಿದ್ದರೆ ಇಷ್ಟು ಸಾವು ಆಗ್ತಿರಲಿಲ್ಲ. ಆಗಿನ ಭೂಕಂಪ ನಕ್ಷೆಯಲ್ಲಿ ಆ ಪ್ರದೇಶ ಅತಿ ಕಡಿಮೆ ಅಪಾಯದ ವಲಯ 1ರಲ್ಲಿತ್ತು. 1992ರಲ್ಲೇ ಕಿಲ್ಲಾರಿ ಸುತ್ತ ನೆಲ ಹಲವು ಸಲ ಅದುರಿತ್ತು, ಜನ ಹೆದರಿದ್ದರು, ಆಮೇಲೆ ಅಭ್ಯಾಸ ಆಗಿಹೋಯ್ತು. 2002ರ ಹೊಸ ನಕ್ಷೆಯಲ್ಲಿ ವಲಯ 1 ಅನ್ನೋದನ್ನೇ ತೆಗೆದು ಹಾಕಿದರು.

ನಮ್ಮ ಆಫೀಸಿನಲ್ಲಿ ಪ್ರೊಡಕ್ಷನ್ ಬಿದ್ದರೆ ಮರುದಿನ ಆರ್‌ಸಿಎ ಬರೀತೀವಿ. "ಸರ್ವರ್ ಪಾಪ ಮಾಡಿತ್ತು" ಅಂತ ಬರೆದರೆ ಮ್ಯಾನೇಜರು ಬಿಡ್ತಾರಾ? ಕಿಲ್ಲಾರಿಯ ಆರ್‌ಸಿಎಯಲ್ಲಿ ಕಲ್ಲು ಇದೆ, ಮಣ್ಣು ಇದೆ, ತಪ್ಪು ನಕ್ಷೆ ಇದೆ, ಬಡತನ ಇದೆ. ಪಾಪ ಅಂತ ಒಂದು ಪದ ಬರೆದು ಮುಗಿಸಿದ್ದರೆ ಇದ್ಯಾವುದೂ ಕಾಣಿಸ್ತಿರಲಿಲ್ಲ. ಐವತ್ತಕ್ಕೂ ಹೆಚ್ಚು ಹಳ್ಳಿಗಳನ್ನು ಬೇರೆ ಜಾಗದಲ್ಲಿ ಕಟ್ಟೋ ಕೆಲಸ ಆಯ್ತಲ್ಲ, ಅದು ಗೋಡೆಯನ್ನು ನೋಡಿದವರಿಂದ ಆಗಿದ್ದು.

"ಅಲ್ಲಪ್ಪಾ, ಗಾಂಧೀಜಿಯೇ ಹಾಗೆ ಹೇಳಿರಲಿಲ್ವಾ?" ಅಂತ ಯಾರಾದರೂ ಕೇಳಬಹುದು. ನಿಜ, ಹೇಳಿದ್ದರು. ಇದು ಸ್ವಲ್ಪ ವಿವರವಾಗಿ ಹೇಳಬೇಕಾದ ಕಥೆ.

1934ರ ಜನವರಿ 15ರ ಮಧ್ಯಾಹ್ನ ಬಿಹಾರ ಮತ್ತು ನೇಪಾಳದಲ್ಲಿ ಭೀಕರ ಭೂಕಂಪ. ತೀವ್ರತೆ ಸುಮಾರು 8. ಮುಂಗೇರ್, ಮುಜಫರ್‌ಪುರ ನೆಲಸಮ. ಎರಡೂ ಕಡೆ ಸೇರಿ ಹತ್ತು ಸಾವಿರಕ್ಕೂ ಹೆಚ್ಚು ಸಾವು. ಗಾಂಧೀಜಿ ಆಗ ದಕ್ಷಿಣದಲ್ಲಿ ಹರಿಜನ ಪ್ರವಾಸದಲ್ಲಿದ್ದರು. ಅದೇ ಪ್ರವಾಸದಲ್ಲಿ ಮುಂದೆ ಕರ್ನಾಟಕಕ್ಕೂ ಬಂದರು. ತಿರುನೆಲ್ವೇಲಿಯ ಸಭೆಯಲ್ಲಿ ಅವರು, ಈ ಭೂಕಂಪ ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಅನ್ನೋ ಅರ್ಥದ ಮಾತು ಹೇಳಿದರು. ಟ್ಯಾಗೋರರಿಗೆ ಇದು ಆಘಾತ. ಅಸ್ಪೃಶ್ಯತೆ ಹೋಗಬೇಕು ಅನ್ನೋದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯ ಇರಲಿಲ್ಲ. ಆದರೆ ಟ್ಯಾಗೋರ್ ಬಹಿರಂಗವಾಗಿ ಬರೆದರು: ಭೌತಿಕ ಅನಾಹುತಕ್ಕೆ ಭೌತಿಕ ಕಾರಣವೇ ಇರುತ್ತೆ. ದೇಶವೆಲ್ಲ ನಂಬುವ ವ್ಯಕ್ತಿ ಇಂಥ ವಾದ ಹೂಡಿದರೆ ಜನರಲ್ಲಿ ವಿವೇಚನೆ ಇಲ್ಲದ ನಂಬಿಕೆ ಇನ್ನೂ ಗಟ್ಟಿಯಾಗುತ್ತೆ. ಜೊತೆಗೆ ಇನ್ನೊಂದು ಚುರುಕಾದ ಮಾತು. ನಿಮ್ಮ ವಿರೋಧಿಗಳು ಇದೇ ಭೂಕಂಪ ತೋರಿಸಿ, ನಿಮ್ಮ ಚಳವಳಿಯಿಂದಲೇ ದೇವರಿಗೆ ಕೋಪ ಬಂತು ಅಂದಿದ್ದರೂ ನನಗೆ ಆಶ್ಚರ್ಯ ಆಗ್ತಿರಲಿಲ್ಲ ಅಂದರು.

ಗಾಂಧೀಜಿ ಆ ಬರಹವನ್ನು 1934ರ ಫೆಬ್ರವರಿ 16ರ ತಮ್ಮ 'ಹರಿಜನ' ಪತ್ರಿಕೆಯಲ್ಲೇ ಅಚ್ಚು ಹಾಕಿ, ಪಕ್ಕದಲ್ಲಿ ತಮ್ಮ ಉತ್ತರವನ್ನೂ ಕೊಟ್ಟರು. ತಮ್ಮ ನಂಬಿಕೆ ಬಿಟ್ಟುಕೊಡಲಿಲ್ಲ. ತನ್ನನ್ನು ಟೀಕಿಸಿದ ಲೇಖನವನ್ನು ತನ್ನ ಪತ್ರಿಕೆಯಲ್ಲೇ ಹಾಕೋದು! ಈಗಿನವರು ಆಗಿದ್ದರೆ ಮೊದಲು ಬ್ಲಾಕ್ ಮಾಡ್ತಿದ್ದರು. ಇರಲಿ.

ನನ್ನ ತೀರ್ಮಾನದಲ್ಲಿ ಟ್ಯಾಗೋರ್ ಸರಿ. ಆದರೆ ಗಾಂಧಿಯವರ ತಪ್ಪಿನಲ್ಲೂ ಒಂದು ಘನತೆ ಇದೆ, ಅದನ್ನು ನಮ್ಮ ವಾಟ್ಸಾಪ್ ಪಂಡಿತರು ಗಮನಿಸಲ್ಲ. ಗಾಂಧೀಜಿ ಬೆರಳು ತೋರಿಸಿದ್ದು ಯಾರ ಕಡೆಗೆ? ತಮ್ಮದೇ ಸಮಾಜದ ಕಡೆಗೆ. ಪಾಪ ನಮ್ಮದು, ನನ್ನದೂ ಇದರಲ್ಲಿದೆ ಅಂದರು. ಇವತ್ತು ಬರೋ ಮೆಸೇಜುಗಳಲ್ಲಿ ಪಾಪ ಯಾವಾಗಲೂ ಬೇರೆಯವರದು. ಕೇರಳದಲ್ಲಿ ನೆರೆ ಬಂದರೆ ಅವರು ತಿನ್ನೋದು ಕಾರಣ, ಟರ್ಕಿಯಲ್ಲಿ ಭೂಕಂಪ ಆದರೆ ಅವರ ಧರ್ಮ ಕಾರಣ. ನಮ್ಮೂರಲ್ಲಿ ಭೀಮಾ ನದಿ ಉಕ್ಕಿ ತೊಗರಿ ಹೊಲ ಮುಳುಗಿದರೆ ಮಾತ್ರ, ಅಯ್ಯೋ, ಡ್ಯಾಮಿನವರು ಒಮ್ಮೆಲೇ ನೀರು ಬಿಟ್ಟರು! ನೋಡಿದ್ರಾ, ನಮ್ಮ ಮನೆಗೆ ಬಂದ ಕೂಡಲೇ ಎಲ್ಲರೂ ಟ್ಯಾಗೋರ್ ಆಗಿಬಿಡ್ತೀವಿ.

ಹಾಗಾದರೆ ಪೂಜೆ, ಪ್ರಾರ್ಥನೆ ದಂಡವಾ? ನಾನು ಹಾಗೆ ಹೇಳಲ್ಲ. ಹೈದರಾಬಾದಿನ ಗೆಳೆಯರಿಗೆ ಮೂಸಿ ನದಿ ಗೊತ್ತು. 1908ರ ಸೆಪ್ಟೆಂಬರ್ 28ರಂದು ಅದು ಉಕ್ಕಿ ಸಾವಿರಾರು ಜನ ಸತ್ತರು. ಆಗಿನ ನಿಜಾಮ ಮಹಬೂಬ್ ಅಲಿ ಖಾನ್ ನದಿಗೆ ಪೂಜೆ ಸಲ್ಲಿಸಿದ, ಆರತಿ ಎತ್ತಿದ ಅಂತ ಆ ಊರಿನವರು ಇವತ್ತಿಗೂ ಹೇಳ್ತಾರೆ. ಮುಸ್ಲಿಂ ದೊರೆ, ಹಿಂದೂ ಪ್ರಜೆಗಳ ದುಃಖಕ್ಕೆ ಅವರ ರೀತಿಯಲ್ಲೇ ಕೈಮುಗಿದ ಅನ್ನೋದು ಆ ಕಥೆಯ ಸೊಗಸು. ಅಲ್ಲಿಗೇ ನಿಲ್ಲಿಸಲಿಲ್ಲ. ಮರುವರ್ಷ ಒಬ್ಬ ಎಂಜಿನಿಯರನ್ನು ಕರೆಸಿದರು. ಯಾರು ಅಂತ ಹೇಳಬೇಕಾ? ನಮ್ಮ ವಿಶ್ವೇಶ್ವರಯ್ಯನವರು. ಓದಿದ್ದು ಇದೇ ಪುಣೆಯಲ್ಲಿ, ತಮ್ಮ ಸ್ವಯಂಚಾಲಿತ ಗೇಟುಗಳನ್ನು 1903ರಲ್ಲಿ ಕೂರಿಸಿದ್ದು ಇದೇ ಖಡಕ್‌ವಾಸಲಾದಲ್ಲಿ. ನಗರದ ಮೇಲ್ಗಡೆ ನೀರು ತಡೆಯೋ ಜಲಾಶಯ ಬೇಕು ಅಂತ ಅವರು ಯೋಜನೆ ಕೊಟ್ಟರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಅದರಿಂದಲೇ ಹುಟ್ಟಿದವು. ಗಚ್ಚಿಬೌಲಿಯಲ್ಲಿ ಕೆಲಸ ಮಾಡೋರು ವಾರಾಂತ್ಯಕ್ಕೆ ಗಂಡಿಪೇಟೆಗೆ ಹೋಗಿ ಸೆಲ್ಫಿ ತೆಗೆಸ್ಕೋತಾರಲ್ಲ, ಅದೇ ಉಸ್ಮಾನ್ ಸಾಗರ.

ಈಗ ಯುದ್ಧಕ್ಕೆ ಬರ್ತೀನಿ. ಮಧ್ಯದಲ್ಲಿ ಒಂದು ಜಾಗ ಇದೆ, ಭೂಕಂಪ ಮತ್ತು ಯುದ್ಧ ಎರಡೂ ಒಟ್ಟಿಗೆ ಬಂದ ಜಾಗ. ಮ್ಯಾನ್ಮಾರ್. 2025ರ ಮಾರ್ಚ್ 28, ಶುಕ್ರವಾರ ಮಧ್ಯಾಹ್ನ, ಮಾಂಡಲೆ ಮತ್ತು ಸಗಾಯಿಂಗ್ ಹತ್ತಿರ 7.7 ತೀವ್ರತೆಯ ಭೂಕಂಪ. ಅದು ರಂಜಾನಿನ ಕೊನೆಯ ಶುಕ್ರವಾರ. ಮಸೀದಿಗಳಲ್ಲಿ ಪ್ರಾರ್ಥನೆಗೆ ಸೇರಿದ್ದ ನೂರಾರು ಜನ ಕಟ್ಟಡ ಕುಸಿದು ಸತ್ತರು. ಅದೇ ಹೊತ್ತಿಗೆ ಮಾಂಡಲೆಯ ಒಂದು ಬೌದ್ಧ ವಿಹಾರದಲ್ಲಿ ಭಿಕ್ಷುಗಳು ಪರೀಕ್ಷೆ ಬರೀತಿದ್ದರು. ಅವರಲ್ಲೂ ಎಷ್ಟೋ ಜನ ಅವಶೇಷದಡಿ ಸಿಕ್ಕಿಬಿದ್ದರು. ಕಿಲ್ಲಾರಿಯಲ್ಲಿ ಗಣಪತಿ ಕಳಿಸಿದವರು, ಇಲ್ಲಿ ಉಪವಾಸ ಇದ್ದವರು, ಸೂತ್ರ ಕಲಿತವರು. ಪಾಪದ ಲೆಕ್ಕ ಹಾಕೋರು ಇವರನ್ನೆಲ್ಲ ಯಾವ ಕಾಲಮ್ಮಿಗೆ ಹಾಕ್ತಾರೆ?

ಆದರೆ ಅಲ್ಲಿ ಇನ್ನೊಂದು ನಡೆಯಿತು. ನೆಲ ಅದುರೋದು ನಿಂತ ಮೇಲೂ ಆಕಾಶದಿಂದ ಬಾಂಬ್ ಬೀಳೋದು ನಿಲ್ಲಲಿಲ್ಲ. ವಿರೋಧಿ ಗುಂಪುಗಳು ಕೆಲವು ವಾರ ದಾಳಿ ನಿಲ್ಲಿಸ್ತೀವಿ ಅಂದವು. ಸೇನೆಯೂ ನಾಲ್ಕೈದು ದಿನ ಬಿಟ್ಟು ಕದನ ವಿರಾಮ ಅಂತು, ಆದರೂ ಅದರ ವಾಯುದಾಳಿಗಳು ನಡೆದೇ ಇದ್ದವು. ನಮ್ಮ ದೇಶದಿಂದ ಪರಿಹಾರ ತಂಡಗಳು ಹೋಗಿ ಕಲ್ಲು ಎತ್ತುತ್ತಾ ಇದ್ದಾಗ, ಅದೇ ದೇಶದ ಬೇರೆ ಊರಲ್ಲಿ ಹೊಸ ಅವಶೇಷ ತಯಾರಾಗ್ತಿತ್ತು. ಒಂದಕ್ಕೆ ಯಾರೂ ಆಜ್ಞೆ ಕೊಡಲಿಲ್ಲ. ಇನ್ನೊಂದಕ್ಕೆ ಪ್ರತಿ ಸಲ ಯಾರೋ ಆಜ್ಞೆ ಕೊಟ್ಟರು. ಎರಡನ್ನೂ "ದೈವೇಚ್ಛೆ" ಅಂತ ಒಂದೇ ಚೀಲಕ್ಕೆ ತುಂಬಿದರೆ, ಆಜ್ಞೆ ಕೊಟ್ಟವನಿಗೆ ಎಷ್ಟು ಅನುಕೂಲ ನೋಡಿ.

ಕೆಲವೊಮ್ಮೆ ಯುದ್ಧವೇ ಪ್ರಕೃತಿಯ ವೇಷ ಹಾಕಿಕೊಂಡು ಬರುತ್ತೆ. 1938ರ ಜೂನ್‌ನಲ್ಲಿ ಜಪಾನೀ ಸೈನ್ಯ ತಡೆಯಬೇಕು ಅಂತ ಚೀನಾದ ಚಿಯಾಂಗ್ ಕೈ ಷೇಕ್ ಸರ್ಕಾರ ಹಳದಿ ನದಿಯ ದಂಡೆಯನ್ನೇ ಒಡೆಸಿತು. ತಮ್ಮದೇ ಲಕ್ಷಾಂತರ ರೈತರು ಪ್ರವಾಹಕ್ಕೆ, ಆಮೇಲೆ ಹಸಿವಿಗೆ, ರೋಗಕ್ಕೆ ಬಲಿಯಾದರು. ದೂರದಲ್ಲಿ ಕೂತು ನೋಡಿದವನಿಗೆ ಅದು ಪ್ರವಾಹ. ಹತ್ತಿರ ಹೋದರೆ ಗುದ್ದಲಿಯ ಗುರುತು ಕಾಣುತ್ತೆ.

ಹಾಗಾದರೆ ನಂಬಿಕೆಯವರ ನಿಜವಾದ ಪ್ರಶ್ನೆ ಬರುತ್ತೆ. ದೇವರು ಇದ್ದರೆ ಯುದ್ಧ ನಿಲ್ಲಿಸಬಹುದಿತ್ತಲ್ಲ? ಇದನ್ನು ಕೇಳಿದರೆ ನಾಸ್ತಿಕ ಆಗಲ್ಲ. ಮಹಾಭಾರತದಲ್ಲೇ ಈ ಪ್ರಶ್ನೆ ಇದೆ, ಅದೂ ಕೃಷ್ಣನ ಮುಖಕ್ಕೇ ಕೇಳಿದ್ದು. ನಮಗೆ ಕನ್ನಡಿಗರಿಗೆ ಆ ಕಥೆ ಅಷ್ಟು ಪರಿಚಯ ಇಲ್ಲದಿರೋದಕ್ಕೆ ಒಂದು ಕಾರಣ ಇದ್ದರೂ ಇರಬಹುದು. ನಮ್ಮ ಗಮಕ, ತಾಳಮದ್ದಳೆಗಳಿಗೆಲ್ಲ ಆಧಾರವಾದ ಕುಮಾರವ್ಯಾಸನ ಭಾರತ ಗದಾಪರ್ವಕ್ಕೆ ಮುಗಿಯುತ್ತೆ. ಈ ಕಥೆ ಬರೋದು ಅದಕ್ಕಿಂತ ಎಷ್ಟೋ ಮುಂದೆ, ಅಶ್ವಮೇಧಿಕ ಪರ್ವದಲ್ಲಿ.

ಯುದ್ಧ ಎಲ್ಲ ಮುಗಿದು ಕೃಷ್ಣ ದ್ವಾರಕೆಗೆ ಹೊರಟಿದ್ದಾನೆ. ಮರುಭೂಮಿಯಲ್ಲಿ ಉತ್ತಂಕ ಅನ್ನೋ ಋಷಿ ಸಿಗ್ತಾನೆ. ಸುದ್ದಿ ಗೊತ್ತಿಲ್ಲ ಅವನಿಗೆ. ಕೌರವ ಪಾಂಡವರ ನಡುವೆ ಸಂಧಿ ಮಾಡಿಸಿದೆಯಾ, ಎಲ್ಲ ಚೆನ್ನಾಗಿದ್ದಾರಾ ಅಂತ ಕೇಳ್ತಾನೆ. ಕೌರವರು ಯಾರೂ ಉಳಿದಿಲ್ಲ ಅಂತ ಕೃಷ್ಣ ಹೇಳಿದಾಗ ಋಷಿಗೆ ಕೆಂಡದಂಥ ಕೋಪ. ನಿನಗೆ ಶಕ್ತಿ ಇತ್ತು, ಆದರೂ ಅವರನ್ನು ಉಳಿಸಲಿಲ್ಲ, ನಿನಗೆ ಶಾಪ ಕೊಡ್ತೀನಿ ಅಂತಾನೆ. ಕೃಷ್ಣನ ಉತ್ತರದಲ್ಲಿ ಗ್ರಹಚಾರದ ನೆಪ ಇಲ್ಲ. ಅವನು ಹೇಳೋದರ ಸಾರ ಇಷ್ಟು: ನಾನು ಯಾವ ಜನ್ಮದಲ್ಲಿ ಇರ್ತೀನೋ ಆ ಜನ್ಮದ ರೀತಿಯಲ್ಲೇ ನಡೀತೀನಿ. ಮನುಷ್ಯನಾಗಿದ್ದೆ, ಮನುಷ್ಯನ ಹಾಗೆ ದೈನ್ಯದಿಂದ ಬೇಡಿಕೊಂಡೆ. ಅವರು ಕೇಳಲಿಲ್ಲ.

ನಾನು ಇದನ್ನು ಮೊದಲ ಸಲ ಓದಿದಾಗ ಸುಮಾರು ಹೊತ್ತು ಪುಸ್ತಕ ಮುಚ್ಚಿ ಕೂತಿದ್ದೆ. ದೇವರೇ ದೂತನಾಗಿ ಹೋಗಿ ಐದು ಹಳ್ಳಿ ಸಾಕು ಅಂತ ಕೇಳಿದ್ದು, ಮನುಷ್ಯ ಕೊಡಲ್ಲ ಅಂದಿದ್ದು. ಇಂಥ ಕಥೆ ಇಟ್ಟುಕೊಂಡು ನಾವು ಯುದ್ಧವನ್ನು ದೇವರ ತಲೆಗೆ ಕಟ್ಟೋದು ಹೇಗೆ?

ಹಳೇ ಕಥೆ ಬಿಡಿ, ನಮ್ಮ ಕಾಲದ್ದೇ ಹೇಳ್ತೀನಿ. 2004ರ ಡಿಸೆಂಬರ್ 26ರ ಸುನಾಮಿ. ಚೆನ್ನೈನಲ್ಲಿರೋರಿಗೆ ಮರೀನಾ ಬೀಚಿನ ಆ ಬೆಳಗು ಗೊತ್ತು. ಅವತ್ತು ಒಂದೇ ನೀರು ಎರಡು ಯುದ್ಧಭೂಮಿಗಳ ಮೇಲೆ ಹರಿಯಿತು. ಒಂದು ಇಂಡೋನೇಷ್ಯಾದ ಆಚೆ ಪ್ರಾಂತ್ಯ, ಇನ್ನೊಂದು ಶ್ರೀಲಂಕಾ. ಆಚೆಯಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಸಾವು, ಶ್ರೀಲಂಕಾದಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು. ತಮಾಷೆ ಅಂದರೆ, ತಮಾಷೆ ಅನ್ನಬಾರದು, ಆ ದಿನ ಪರಿಸ್ಥಿತಿ ಚೆನ್ನಾಗಿದ್ದದ್ದು ಶ್ರೀಲಂಕಾದಲ್ಲಿ. ಅಲ್ಲಿ 2002ರಿಂದ ಕದನ ವಿರಾಮ ಇತ್ತು. ಆಚೆಯಲ್ಲಿ ಕಾಳಗ ನಡೀತಾನೇ ಇತ್ತು.

ಆಚೆಯಲ್ಲಿ ಬಂಡಾಯಗಾರರು ಸುನಾಮಿಯ ಬೆನ್ನಿಗೇ ಕದನ ವಿರಾಮ ಘೋಷಿಸಿದರು. ಜನವರಿ ಕೊನೆಗೆ ಹೆಲ್ಸಿಂಕಿಯಲ್ಲಿ ಮಾತುಕತೆ, ಫಿನ್ಲೆಂಡಿನ ಮಾಜಿ ಅಧ್ಯಕ್ಷ ಮಾರ್ಟಿ ಆಹ್ಟಿಸಾರಿ ನಡುವೆ ಕೂತರು. 2005ರ ಆಗಸ್ಟ್ 15ರಂದು ಒಪ್ಪಂದಕ್ಕೆ ಸಹಿ ಬಿತ್ತು. ಬಂಡಾಯಗಾರರು ಸ್ವಾತಂತ್ರ್ಯದ ಬೇಡಿಕೆ ಬಿಟ್ಟರು, ಬಂದೂಕು ಒಪ್ಪಿಸಿದರು. ಸರ್ಕಾರ ಸೈನ್ಯ ಹಿಂದಕ್ಕೆ ಕರೆಸಿತು, ಸ್ಥಳೀಯ ಪಕ್ಷಗಳಿಗೆ ಅವಕಾಶ ಕೊಟ್ಟಿತು. ಸುಮಾರು 30 ವರ್ಷದ ಯುದ್ಧ ನಿಂತಿತು. ಸುನಾಮಿಯೇ ಶಾಂತಿ ತಂತು ಅಂತ ಹೇಳೋದು ಸುಲಭ. ಆದರೆ ಮಾತುಕತೆಗೆ ಗುಟ್ಟಿನ ಪ್ರಯತ್ನ ಸುನಾಮಿಗೆ ಮೊದಲೇ ಶುರುವಾಗಿತ್ತು. ಯಾರೋ ಕೆಲವರು ಆಗಲೇ ಬಾಗಿಲ ಚಿಲಕ ತೆಗೆದಿಟ್ಟಿದ್ದರು.

ಶ್ರೀಲಂಕಾದಲ್ಲಿ ಮೊದಲ ದಿನಗಳಲ್ಲಿ ಸಿಂಹಳ, ತಮಿಳು, ಮುಸ್ಲಿಂ ಅನ್ನದೆ ಜನ ಒಬ್ಬರಿಗೊಬ್ಬರು ಅನ್ನ ಹಾಕಿದರು. ಆಮೇಲೆ ಬಂದ ಪರಿಹಾರದ ಹಣವನ್ನು ಉತ್ತರ ಮತ್ತು ಪೂರ್ವದಲ್ಲಿ ಹೇಗೆ ಹಂಚೋದು ಅನ್ನೋ ಪ್ರಶ್ನೆ ಬಂತು. ಸರ್ಕಾರ ಮತ್ತು ಎಲ್‌ಟಿಟಿಇ ಸೇರಿ ಹಂಚೋ ವ್ಯವಸ್ಥೆಗೆ 2005ರ ಜೂನ್‌ನಲ್ಲಿ ಸಹಿ ಆಯ್ತು. ಅದನ್ನು ವಿರೋಧಿಸಿ ಒಂದು ಪಕ್ಷ ಸರ್ಕಾರದಿಂದ ಹೊರನಡೆಯಿತು, ಜುಲೈನಲ್ಲಿ ನ್ಯಾಯಾಲಯ ಅದರ ಮುಖ್ಯ ಭಾಗಗಳನ್ನೇ ತಡೆಹಿಡಿಯಿತು. ಆಗಸ್ಟ್‌ನಲ್ಲಿ ವಿದೇಶಾಂಗ ಸಚಿವ ಕದಿರ್‌ಗಾಮರ್ ಅವರ ಹತ್ಯೆ. 2006ಕ್ಕೆ ಮತ್ತೆ ಪೂರ್ಣ ಯುದ್ಧ. 2009ರ ಮೇ ತಿಂಗಳಲ್ಲಿ ಅದು ಹೇಗೆ ಮುಗಿಯಿತು ಅಂತ ನಿಮಗೆ ಗೊತ್ತು. ಅದೇ ಸಮುದ್ರ, ಅದೇ ಬೆಳಗು. ಯಾವ ಪಂಚಾಂಗದಲ್ಲಿ ಈ ಎರಡರ ವ್ಯತ್ಯಾಸ ಬರೆದಿತ್ತು?

ಆ ಕಡೆಯವರನ್ನು ಮಾತ್ರ ಅನ್ನೋದು ಬೇಡ. ಇದೇ ಸುನಾಮಿ ಆದ ಮೇಲೆ ನಮ್ಮ ನಾಗಪಟ್ಟಣದಲ್ಲಿ ದಲಿತರಿಗೆ ಪರಿಹಾರ ಶಿಬಿರದಲ್ಲಿ ಜಾಗ ಕೊಡದ, ಕುಡಿಯೋ ನೀರಿನ ಟ್ಯಾಂಕ್ ಮುಟ್ಟಗೊಡದ ವರದಿಗಳು ಬಂದವು. ಮನೆ, ದೋಣಿ, ಮಕ್ಕಳು ಎಲ್ಲ ಕೊಚ್ಚಿ ಹೋದರೂ ಅದೊಂದು ಮಾತ್ರ ಕೊಚ್ಚಿ ಹೋಗಿರಲಿಲ್ಲ.

ಉತ್ತಂಕನ ಕಥೆ ಇನ್ನೂ ಇದೆ, ಅದನ್ನು ಹೇಳಿ ನಿಲ್ಲಿಸ್ತೀನಿ. ಕೃಷ್ಣನ ಮಾತು ಕೇಳಿ ಋಷಿಯ ಕೋಪ ಇಳಿಯುತ್ತೆ. ಏನು ವರ ಬೇಕು ಅಂತ ಕೃಷ್ಣ ಕೇಳ್ತಾನೆ. ಇದು ಮರುಭೂಮಿ, ನೀರು ಬೇಕಾದಾಗ ನೀರು ಸಿಗಲಿ ಸಾಕು ಅಂತಾನೆ ಉತ್ತಂಕ. ಆಯ್ತು, ಬೇಕಾದಾಗ ನನ್ನನ್ನು ನೆನೆ ಅಂತ ಹೇಳಿ ಕೃಷ್ಣ ಹೋಗ್ತಾನೆ. ಒಂದು ದಿನ ಬಾಯಾರಿ ನೆನೆಸಿಕೊಂಡಾಗ ಬಂದವನು ಯಾರು? ಮೈತುಂಬ ಕೊಳಕು, ಸುತ್ತ ನಾಯಿಗಳು, ಚಂಡಾಲ ಅಂತ ಲೋಕ ದೂರ ಇಟ್ಟ ಒಬ್ಬ ಬೇಟೆಗಾರ. ಅವನೇ ನೀರು ತಗೋ ಅಂತ ಮತ್ತೆ ಮತ್ತೆ ಕರೀತಾನೆ. ಉತ್ತಂಕ ಅಸಹ್ಯಪಟ್ಟು ಬೈದು ಕಳಿಸ್ತಾನೆ. ಆ ಮನುಷ್ಯ ನಾಯಿಗಳ ಸಮೇತ ಅಲ್ಲೇ ಮಾಯ ಆಗ್ತಾನೆ. ಕೃಷ್ಣ ಬಂದಾಗ ಋಷಿ, ಬ್ರಾಹ್ಮಣನಿಗೆ ಅಂಥವನ ಕೈಯಲ್ಲಿ ನೀರು ಕಳಿಸೋದಾ ಅಂತ ದೂರು ಹೇಳ್ತಾನೆ. ಬಂದಿದ್ದವನು ಇಂದ್ರ, ತಂದಿದ್ದು ಅಮೃತ ಅಂತ ಕೃಷ್ಣ ಆಗ ಹೇಳ್ತಾನೆ.

ಆದರೂ ಕೃಷ್ಣ ಅವನನ್ನು ಬಾಯಾರಿಕೆಯಲ್ಲೇ ಬಿಟ್ಟು ಹೋಗಲಿಲ್ಲ. ಇನ್ನು ಮುಂದೆ ನಿನಗೆ ನೀರು ಬೇಕಾದಾಗ ಈ ಮರಳುಗಾಡಿನ ಮೇಲೆ ಮೋಡ ಬರುತ್ತೆ ಅಂದ. ಆ ಮೋಡಕ್ಕೆ ಉತ್ತಂಕ ಮೇಘ ಅಂತಲೇ ಹೆಸರು. ಅಪರೂಪಕ್ಕೆ ಮರುಭೂಮಿಯಲ್ಲಿ ಮಳೆ ಬಿದ್ದರೆ ಅದೇ ಮೋಡ ಅಂತ ಕಥೆ ಹೇಳುತ್ತೆ.

ಸರಿ, ನಲವತ್ತು ನಿಮಿಷ ಆಯ್ತು ಅಂತ ಅಲ್ಲಿಂದ ಕೈ ತೋರಿಸ್ತಿದ್ದಾರೆ. ಪ್ರಶ್ನೆ ಇರೋರು ಮೈಕ್ ತಗೊಳ್ಳಿ. ಸಿಟ್ಟು ಬಂದಿರೋರು ಮೊದಲು ಕೇಳಿ, ಕಾಫಿ ಆಮೇಲೆ.